ದೊಡ್ಡಮ್ಮನ ಸೊಂಟನೋವು ಮತ್ತು ಒಂದು ದಿನದ ‘ಕರೆಂಟ್’

ಈ ವಾರದ ಎಪಿಸೋಡ್ ತಡವಾಯ್ತು, ಕ್ಷಮಿಸಿ. ಕಾರಣ ನಮ್ಮ ದೊಡ್ಡಮ್ಮ. ಅವರನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ. “ಹೇಳೋ, ಇನ್ನೊಬ್ಬರಿಗಾದ್ರೂ ಉಪಯೋಗ ಆಗ್ಲಿ. ನನ್ನ ಹೆಸರು ಮಾತ್ರ ಬೇಡ” ಅಂದ್ರು.

ನಾಲ್ಕು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ ಎಲ್ಲ ಮುಗಿದಿತ್ತು. ಈ ಯುಗಾದಿ ಹೊತ್ತಿಗೆ ಸೊಂಟದ ಎಡಗಡೆ ನೋವು ಶುರುವಾಯ್ತು. ‘ವಯಸ್ಸಾಯ್ತಲ್ಲ, ವಾಯು ಇರ್ಬೇಕು’ ಅಂತ ಎಣ್ಣೆ ಹಚ್ಚಿದ್ವಿ, ಶಾಖ ಕೊಟ್ವಿ. ಎರಡು ತಿಂಗಳು ಹೀಗೇ ಹೋಯ್ತು. ರಾತ್ರಿ ಮಗ್ಗುಲು ಬದಲಿಸೋಕಾಗದೆ ಗೋಡೆಗೆ ಒರಗಿ ಕೂತಿರ್ತಿದ್ರು. ಕೇಳಿದ್ರೆ “ಏನಿಲ್ಲ, ಮಲಕ್ಕೋ” ಅನ್ನೋರು. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯ್ತು, ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿತ್ತು.

ಸ್ತನ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡಿದಾಗ ಅತಿ ಹೆಚ್ಚಾಗಿ ಸೇರೋ ಜಾಗ ಮೂಳೆ. ನಮ್ಮ ಮೂಳೆ ದಿನಾ ಸ್ವಲ್ಪ ಕರಗ್ತಾ, ಸ್ವಲ್ಪ ಹೊಸದಾಗಿ ಕಟ್ಕೊಳ್ತಾ ಇರುತ್ತೆ. ಕ್ಯಾನ್ಸರ್ ಕೋಶಗಳು ಅಲ್ಲಿ ಸೇರಿದ್ರೆ, ಕರಗಿಸೋ ಕೋಶಗಳನ್ನ ಕೆರಳಿಸ್ತವೆ. ಮೂಳೆ ಸವೆಯುತ್ತೆ, ನೋವು ಶುರುವಾಗುತ್ತೆ.

ಡಾಕ್ಟರ್ ರೇಡಿಯೋಥೆರಪಿ ಕೊಡೋಣ ಅಂದ್ರು. ನಮ್ಮ ಕಡೆ ಅದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ. ಹೆಸರು ಕೇಳಿಯೇ ಮನೆಯವರು ಹೆದರಿದ್ರು. “ವಾಸಿ ಆಗಲ್ಲ ಅಂದ್ಮೇಲೆ ಯಾಕೆ ಸುಡಿಸ್ಬೇಕು?” ಅಂತ ಮಾವ ಕೇಳಿದ್ರು. ನನ್ನ ಮನಸ್ಸಲ್ಲೂ ಅದೇ ಇತ್ತು. ಡಾಕ್ಟರ್ ಬೇಜಾರು ಮಾಡ್ಕೊಳ್ಳದೆ ಹೇಳಿದ್ರು, “ಇದು ಕ್ಯಾನ್ಸರ್ ವಾಸಿ ಮಾಡೋಕಲ್ಲ. ಅವರು ರಾತ್ರಿ ಮಲಗೋಕೆ.”

ನಾನು ಬಿ.ಕಾಂ. ಓದಿದವನು. ಎಷ್ಟು ದಿನ, ಎಷ್ಟು ಖರ್ಚು ಅಂತ ಕೇಳಿದೆ. ಹತ್ತು ದಿನ ಅಂದ್ರೆ ಆಸ್ಪತ್ರೆ ಹತ್ರ ರೂಮು, ಯಾರದೋ ಒಬ್ಬರ ರಜೆ, ದಿನಾ ಆಟೋದ ಕುಲುಕಾಟ. “ಒಂದೇ ದಿನ ಸಾಕು” ಅಂದ್ರು. ಹತ್ತು ದಿನಕ್ಕೆ ಹಂಚಿ 30 ಗ್ರೇ ಅಥವಾ ಐದು ದಿನಕ್ಕೆ 20 ಗ್ರೇ ಕೊಡಬಹುದು, ಒಂದೇ ಸಲ 8 ಗ್ರೇ ಕೊಡಬಹುದು. ಗ್ರೇ ಅಂದ್ರೆ ವಿಕಿರಣದ ಅಳತೆ. ನನಗೆ ಅನುಮಾನ. ಕಡಿಮೆ ಕೊಟ್ಟು ಕಳಿಸ್ತಿದ್ದಾರಾ? ಮನೆಗೆ ಬಂದು ಹುಡುಕಿ ಓದಿದೆ. ನೆದರ್‌ಲೆಂಡ್ಸ್‌ನಲ್ಲಿ 1,171 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಗಿದೆ. ಒಂದು ಸಲ ಕೊಟ್ಟವರಿಗೂ ಆರು ಸಲ ಕೊಟ್ಟವರಿಗೂ ನೋವು ಒಂದೇ ರೀತಿ ಕಡಿಮೆಯಾಗಿತ್ತು. ಮುಖ್ಯ ವ್ಯತ್ಯಾಸ: ಒಂದು ಸಲದವರಲ್ಲಿ ಹೆಚ್ಚು ಜನರಿಗೆ ಮುಂದೆ ಮತ್ತೊಮ್ಮೆ ಕೊಡಬೇಕಾಯ್ತು. ಹಾಗೆ ಮತ್ತೆ ಕೊಡೋಕೆ ಸಾಧ್ಯವೂ ಇದೆ.

ಆ ದಿನ ಟೇಬಲ್ ಮೇಲೆ ಮಲಗಿಸಿ, ಗುರುತು ಸರಿ ನೋಡಿ, ಕೆಲವೇ ನಿಮಿಷ ಕಿರಣ ಬಿಟ್ರು. ಶಾಕ್ ಇಲ್ಲ, ಉರಿ ಇಲ್ಲ. ಎಕ್ಸ್‌ರೇ ತೆಗೆದ ಹಾಗೆ. ಮೈಯಲ್ಲಿ ವಿಕಿರಣ ಉಳಿಯಲ್ಲ, ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡ್ರೂ ಏನೂ ಆಗಲ್ಲ.

ಆದ್ರೆ ಮಾರನೇ ರಾತ್ರಿ ನೋವು ಇನ್ನೂ ಹೆಚ್ಚಾಯ್ತು. ದೊಡ್ಡಮ್ಮ ಮೊದಲ ಸಲ ಜೋರಾಗಿ ಅತ್ರು. ನಾನೇ ಕರ್ಕೊಂಡು ಹೋಗಿ ಹಾಳು ಮಾಡ್ದೆ ಅನ್ನಿಸ್ತು. ಆಸ್ಪತ್ರೆಗೆ ಫೋನ್ ಮಾಡಿದ್ರೆ, “ಕೊಟ್ಟಿರೋ ಹಾಳೆ ಓದಿದ್ರಾ?” ಅಂದ್ರು. ಓದಿರ್ಲಿಲ್ಲ. ಮೊದಲ ಕೆಲವು ದಿನ ನೋವು ತಾತ್ಕಾಲಿಕವಾಗಿ ಏರಬಹುದು ಅಂತ ಅದರಲ್ಲೇ ಇತ್ತು. ಮಾರ್ಫಿನ್ ಮಾತ್ರೆಯ ಪ್ರಮಾಣ ಸ್ವಲ್ಪ ಹೆಚ್ಚಿಸಿದ್ರು. ಮಾರ್ಫಿನ್ ಅಂದ್ರೆ ಚಟ ಅಂತ ಮನೆಯಲ್ಲಿ ಗಲಾಟೆ ಆಯ್ತು. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ ತಗೊಳ್ಳೋದು ಔಷಧಿ, ಚಟ ಅಲ್ಲ. ರೋಗಿಗಳಿಗೆ ಅದು ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ನಮ್ಮ ದೇಶದ ಕಾನೂನನ್ನ ತಿದ್ದಿದ್ದಾರೆ.

ರೇಡಿಯೇಶನ್ ಫಲ ತಕ್ಷಣ ಕಾಣಲ್ಲ, ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಎಲ್ಲರಿಗೂ ಆಗುತ್ತೆ ಅಂತಲೂ ಇಲ್ಲ, ನೂರಕ್ಕೆ ಸುಮಾರು ಅರವತ್ತು ಜನರಿಗೆ ನೋವು ತಗ್ಗುತ್ತೆ. ಮೂರನೇ ವಾರ ಬೆಳಗ್ಗೆ ದೊಡ್ಡಮ್ಮನ ಫೋನ್ ಬಂತು. “ನಿನ್ನೆ ಎಡಮಗ್ಗುಲಲ್ಲೇ ಮಲಗಿದ್ದೆ ಕಣೋ. ಎಚ್ಚರಾನೇ ಆಗ್ಲಿಲ್ಲ.”

ಒಂದು ಎಚ್ಚರಿಕೆ. ಕ್ಯಾನ್ಸರ್ ಬಂದವರಿಗೆ ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕಡಿಮೆಯಾದ್ರೆ, ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ಹಿಡಿತ ತಪ್ಪಿದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಹೋಗ್ತಿರಬಹುದು. ತಡ ಮಾಡಿದ್ರೆ ಮತ್ತೆ ನಡೆಯೋಕಾಗದೇ ಇರಬಹುದು. ಖರ್ಚಿನ ಚಿಂತೆ ಇದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ.

ದೊಡ್ಡಮ್ಮನ ಕ್ಯಾನ್ಸರ್ ಹೋಗಿಲ್ಲ. ಮಾತ್ರೆ, ಮೂಳೆ ಗಟ್ಟಿ ಮಾಡೋ ಇಂಜೆಕ್ಷನ್ ನಡೀತಿದೆ. ನನಗೆ ಈಗಲೂ ಚುಚ್ಚೋದು ಆ ಎರಡು ತಿಂಗಳು. ನಿಮ್ಮ ಮನೆಯಲ್ಲೂ ಯಾರಾದ್ರೂ “ಏನಿಲ್ಲ” ಅಂತಿದ್ರೆ, ಇವತ್ತು ಇನ್ನೊಂದು ಸಲ ಕೇಳಿ. ಮುಂದಿನ ವಾರ ಸಿಗೋಣ.