ಮಳಿಗೆಯ ಕಣ್ಗಾವಲು

ಚನ್ನಪಟ್ಟಣದಲ್ಲಿ ನನ್ನ ಭಾವಮೈದುನನದೊಂದು ಸಣ್ಣ ಕಟ್ಟಡವಿದೆ. ಕೆಳಗೆ ಮೂರು ಮಳಿಗೆ, ಮೇಲೆ ಎರಡು ಕೊಠಡಿ. ನಡುವಿನ ಮಳಿಗೆಯಲ್ಲಿ ಅವನೇ ಗೊಂಬೆಗಳ ವ್ಯಾಪಾರ ನಡೆಸುತ್ತಾನೆ. ಕೆಲವು ವರ್ಷಗಳ ಹಿಂದೆ ಅವನು ಕಟ್ಟಡಕ್ಕೆ ಎಂಟು ಕ್ಯಾಮರಾ ಹಾಕಿಸಿ, “ಭಾವ, ಇನ್ನು ನಿಶ್ಚಿಂತೆಯಾಗಿ ಮಲಗಬಹುದು” ಎಂದ. ಮಲಗಿದ್ದೂ ಆಯಿತು. ಆರು ತಿಂಗಳು ಕಳೆಯುವುದರೊಳಗೆ ಗಲ್ಲಾಪೆಟ್ಟಿಗೆಯಿಂದ 18,000 ರೂಪಾಯಿ ಕಾಣೆಯಾಯಿತು.

ಚಿತ್ರ ತೆಗೆದು ನೋಡಿದರೆ, ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಗಲ್ಲಾಪೆಟ್ಟಿಗೆಯ ಬಳಿ ಬಾಗಿ ನಿಂತಿದ್ದಾನೆ. ಚಿತ್ರದ ಮೂಲೆಯಲ್ಲಿ ಸಮಯ ರಾತ್ರಿ 9-10. ಅಂಗಡಿ ಮುಚ್ಚುವುದು ಎಂಟೂವರೆಗೆ. ಬಾಗಿಲು ಹಾಕಿದ ಮೇಲೆ ಒಳಗೆ ಅವನಿಗೇನು ಕೆಲಸ? ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅವನ ತಾಯಿ ಅಳುತ್ತ ನಮ್ಮ ಮನೆಗೆ ಬಂದಳು. ನಾನು ಹೋಗಿ ಚಿತ್ರವನ್ನು ಮೂರು ಬಾರಿ ನೋಡಿದೆ. ಮೂರನೆಯ ಬಾರಿಗೆ ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ಅದರಲ್ಲಿ 8-20! ವಿದ್ಯುತ್ ಹೋಗಿ ಬಂದು, ಹೋಗಿ ಬಂದು, ಯಂತ್ರದ ಗಡಿಯಾರ ಐವತ್ತು ನಿಮಿಷ ಮುಂದಕ್ಕೋಡಿತ್ತು. ಆ ಹೊತ್ತಿನಲ್ಲಿ ಮಾಲೀಕನೇ ಚಿಲ್ಲರೆ ತರಲು ಹುಡುಗನನ್ನು ಕಳಿಸಿದ್ದ. ನಿಜವಾದ ಕಳ್ಳ ಬಂದಾಗಿನ ಚಿತ್ರದಲ್ಲಿ ಮುಖವಿರಬೇಕಾದ ಕಡೆ ಬಿಳಿಯ ಬೆಳಕಿನ ಮುದ್ದೆ, ಅಷ್ಟೆ.

ಸಾಕ್ಷಿ ಎಂದರೆ ಸಾಕ್ಷಾತ್ ಕಂಡವನು ಎಂಬುದು ವೈಯಾಕರಣರ ಮಾತು. ಕಂಡದ್ದು ಮಸುಕಾಗಿ, ಹೇಳುವ ಹೊತ್ತೂ ತಪ್ಪಾದರೆ ಅಂಥ ಸಾಕ್ಷಿ ಇಲ್ಲದಿರುವುದೇ ಲೇಸು. ಕನ್ನಡ ಪಂಡಿತನಾದ ನಾನು ಈ ಯಂತ್ರಗಳ ವಿಷಯವನ್ನು ಕಲಿಯಬೇಕಾಗಿ ಬಂದದ್ದು ಹೀಗೆ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು ಎಷ್ಟು ಕ್ಯಾಮರಾ ಎಂದಲ್ಲ. ಯಾವ ಕ್ಯಾಮರಾ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು. ಯಾರೋ ಬಂದರು ಎಂಬುದನ್ನು ತಿಳಿಯಲು ಅಗಲವಾದ ನೋಟ ಸಾಕು. ಬಂದವರು ಯಾರು ಎಂದು ಗುರುತಿಸಬೇಕಾದರೆ ನೋಟ ಕಿರಿದಾಗಬೇಕು. ಎರಡು ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರದಲ್ಲಿ ಅಡ್ಡಲಾಗಿ 1920 ಚುಕ್ಕೆಗಳಿರುತ್ತವೆ. ಅಪರಿಚಿತನ ಮುಖ ಗುರುತಿಸಲು ಮೀಟರಿಗೆ ಸುಮಾರು 250 ಚುಕ್ಕೆ ಬೇಕೆಂಬುದು ತಜ್ಞರ ಅಳತೆ. ಭಾಗಿಸಿ ನೋಡಿ: ಇಪ್ಪತ್ತೈದು ಅಡಿಗಿಂತ ಅಗಲವಾದ ಜಾಗವನ್ನು ಅದು ನೋಡುತ್ತಿದ್ದರೆ ಮುಖದ ಆಸೆ ಬಿಡಬೇಕು. ಮಾರುವವರು ಹಾಕುವ 2.8 ಮಿಲಿಮೀಟರ್ ಮಸೂರ ಬೀದಿಯನ್ನೆಲ್ಲ ತೋರಿಸುತ್ತದೆ, ಗಿರಾಕಿಗೆ ಬಲು ಸಂತೋಷ; ಆದರೆ ಬಾಗಿಲಿನಿಂದ ದೂರದಲ್ಲಿ ಕೂರಿಸುವ ಕ್ಯಾಮರಾಕ್ಕೆ 6 ಮಿಲಿಮೀಟರಿನದೇ ಸರಿ. ಅದನ್ನು ಸೂರಿನ ತುದಿಗೆ ಏರಿಸಿದರೆ ಟೋಪಿ ಮಾತ್ರ ಕಾಣುತ್ತದೆ. ಬಾಗಿಲಿನ ಹಿಂದೆ ಬಿಸಿಲಿದ್ದರೆ ಮುಖ ಕಪ್ಪಾಗದಂತೆ ಬೆಳಕು ನೆರಳುಗಳನ್ನು ಸರಿತೂಗಿಸುವ ಗುಣ ಇದೆಯೇ ಎಂದೂ ಕೇಳಬೇಕು.

ಊರಿಗೊಂದು ಕಷ್ಟವಿದೆ. ರಾಮನಗರದ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ಗೂಡು ಬೇಯಿಸುವ ಹಬೆ ಗಾಜಿಗೆ ಹಿಡಿಯುತ್ತದೆ. ಚನ್ನಪಟ್ಟಣದಲ್ಲಿ ಹಾಲೆಮರ ಕಡೆಯುವ ಪುಡಿ. ಕನಕಪುರ, ಮಾಗಡಿಗಳ ಹೊರಗೋಡೆಗಳಲ್ಲಿ ಜೇಡ. ರಾತ್ರಿ ಉರಿಯುವ ಅಗೋಚರ ದೀಪದ ಬೆಳಕು ಹತ್ತಿರದ ಬಲೆಗೆ ಬಿದ್ದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ನನ್ನ ಭಾವಮೈದುನ ಕಂಡ ಬಿಳಿಯ ಮುದ್ದೆಗೂ ಜೇಡವೇ ಕಾರಣ. ಹತ್ತು ರೂಪಾಯಿಯ ಕುಂಚ ಉಳಿಸಬಹುದಾಗಿದ್ದದ್ದನ್ನು ಎಂಟು ಕ್ಯಾಮರಾ ಉಳಿಸಲಿಲ್ಲ.

ಕ್ಯಾಮರಾಗಳನ್ನು ತಂತಿಯಿಂದಲೇ ಜೋಡಿಸುವುದು ಮೇಲು. ಒಂದೇ ಜಾಲದ ತಂತಿಯಲ್ಲಿ ಚಿತ್ರವೂ ವಿದ್ಯುತ್ತೂ ಹರಿಯುವ ಏರ್ಪಾಡಿದೆ. ನೂರು ಮೀಟರಿನವರೆಗೆ ಅಡ್ಡಿಯಿಲ್ಲ. ಎಲ್ಲ ಕ್ಯಾಮರಾಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು ಹೋಗುವುದರಿಂದ ಒಂದು ಯು.ಪಿ.ಎಸ್. ಅಷ್ಟನ್ನೂ ಕಾಯುತ್ತದೆ. ರೆಕಾರ್ಡರನ್ನು ಗಲ್ಲಾದ ಕೆಳಗಿಡಬಾರದು. ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಮೇಲಿನ ಕೊಠಡಿಯ ಬೀಗದ ಬೀರುವಿನಲ್ಲಿ, ಗಾಳಿಯಾಡುವಂತೆ ಇಡಿ. ಇನ್ನು ಹಾರ್ಡ್ ಡಿಸ್ಕಿನ ಲೆಕ್ಕ. ಒಂದು ಕ್ಯಾಮರಾ ಸೆಕೆಂಡಿಗೆ ಎರಡು ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 21.6 ಗಿಗಾಬೈಟ್, ನಾಲ್ಕು ಕ್ಯಾಮರಾಕ್ಕೆ ಮೂವತ್ತು ದಿನಕ್ಕೆ 2.6 ಟೆರಾಬೈಟ್. ನಾಲ್ಕು ಟೆರಾಬೈಟಿನದನ್ನು ಕೊಂಡರೆ ನಿರಾಳ. ಮೂವತ್ತು ದಿನವೇ ಏಕೆಂದರೆ, ಹೆಚ್ಚು ಜನ ಸೇರುವ ಸಂಸ್ಥೆಗಳು ಅಷ್ಟು ದಿನದ ಚಿತ್ರ ಇಟ್ಟುಕೊಳ್ಳಬೇಕೆಂದು ಸಾರ್ವಜನಿಕ ಸುರಕ್ಷತೆಯ 2017ರ ರಾಜ್ಯ ಕಾನೂನು ಹೇಳುತ್ತದೆ. ಸಣ್ಣ ಮಳಿಗೆ ಅದರ ವ್ಯಾಪ್ತಿಗೆ ಬಾರದಿದ್ದರೂ ಅಳತೆ ಒಳ್ಳೆಯದೇ.

ಇಷ್ಟಾದರೂ ಬಾಗಿಲು ತೆರೆದೇ ಇರಬಹುದು. ಅಂತರಜಾಲಕ್ಕೆ ಸೇರಿದ ಕ್ಯಾಮರಾವನ್ನು ನೀವು ಮನೆಯಿಂದ ನೋಡುವಂತೆಯೇ ಊರಾಚೆಯವನೂ ನೋಡಬಲ್ಲ. 2016ರಲ್ಲಿ ಮಿರಾಯಿ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮರಾ, ರೆಕಾರ್ಡರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡು ಅಮೆರಿಕದ ಪ್ರಸಿದ್ಧ ಜಾಲತಾಣಗಳನ್ನೇ ಕೆಲಕಾಲ ಸ್ತಬ್ಧಗೊಳಿಸಿತು. ನಮ್ಮಲ್ಲಿ ಕ್ಯಾಮರಾ ಹಾಕುವ ಹುಡುಗರು ಊರಿನ ಎಲ್ಲ ಅಂಗಡಿಗೂ ಒಂದೇ ಪಾಸ್‌ವರ್ಡ್ ಇಟ್ಟುಹೋಗುತ್ತಾರೆ! ಅವರು ಹೊರಟ ಮರುಗಳಿಗೆ ಬದಲಿಸಿ. ಅಂಗಡಿಯ ಬಿಲ್ಲಿನ ಕಂಪ್ಯೂಟರಿರುವ ಜಾಲದಿಂದ ಕ್ಯಾಮರಾಗಳನ್ನು ಬೇರೆಯಾಗಿಡಿ. 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರವು ಇಂಥ ಕ್ಯಾಮರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಅಗ್ಗವೆಂದು ಹಳೆಯ ದಾಸ್ತಾನು ಕೊಳ್ಳುವ ಮೊದಲು ಆ ಪ್ರಮಾಣಪತ್ರ ಕೇಳಿ.

ನ್ಯಾಯಾಲಯದ ಮಾತನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಚಿತ್ರದ ಪ್ರತಿಯೊಡನೆ ನಿಗದಿತ ನಮೂನೆಯ ಪ್ರಮಾಣಪತ್ರವೂ ಬೇಕು. ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ಅದರಲ್ಲಿ ಹೇಳಬೇಕು. ಐವತ್ತು ನಿಮಿಷ ಓಡಿದ ಗಡಿಯಾರವನ್ನಿಟ್ಟುಕೊಂಡು ಯಾವ ಬಾಯಿಂದ ಹೇಳುವುದು? ರೆಕಾರ್ಡರು ಅಂತರಜಾಲದಿಂದ ತಾನೇ ಸಮಯ ಸರಿಪಡಿಸಿಕೊಳ್ಳುವಂತೆ ಮಾಡಬಹುದು. ಎರಡು ನಿಮಿಷದ ಕೆಲಸ; ನಮಗೆ ಯಾರೂ ಹೇಳಿರಲಿಲ್ಲ.

ಭಾವಮೈದುನ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದ. ಹುಡುಗ ಸಿಟ್ಟಾಗಲಿಲ್ಲ, ಆದರೆ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಈಗ ರಾಮನಗರದಲ್ಲಿ ರೇಷ್ಮೆ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತಾನೆಂದು ಕೇಳಿದ್ದೇನೆ. ಎಂಟು ಕ್ಯಾಮರಾಗಳಲ್ಲಿ ನಾಲ್ಕು ಇಳಿದಿವೆ, ಉಳಿದ ನಾಲ್ಕರ ಜಾಗ ಬದಲಾಗಿದೆ. ತಿಂಗಳ ಮೊದಲ ದಿನ ಭಾವಮೈದುನ ಏಣಿ ಹತ್ತಿ ಗಾಜು ಒರೆಸಿ, ಗೋಡೆಯ ಗಡಿಯಾರಕ್ಕೂ ಪರದೆಯ ಗಡಿಯಾರಕ್ಕೂ ತಾಳೆ ನೋಡಿ ನನಗೆ ಫೋನು ಮಾಡುತ್ತಾನೆ: “ಸರಿ ಇದೆ, ಭಾವ.”