ಅಂಡಮಾನ್–ಸುಮಾತ್ರಾ ವಲಯದ ಭೂಕಂಪ ಮತ್ತು ಜ್ವಾಲಾಮುಖಿ: ನೆಲದ ದಾಖಲೆ, ಜನರ ನೆನಪು

೧

ಬಂಗಾಳ ಕೊಲ್ಲಿಯ ಪೂರ್ವದ ಅಂಚಿನಲ್ಲಿ ಅಂಡಮಾನ್, ನಿಕೋಬಾರ್, ಸುಮಾತ್ರಾ ಎಂದು ಬಾಗಿ ಸಾಗುವ ದ್ವೀಪಮಾಲೆಯಲ್ಲಿ ಭೂಕಂಪ ಮತ್ತು ಜ್ವಾಲಾಮುಖಿಗಳನ್ನು ಬೇರೆಬೇರೆ ವಿಕೋಪಗಳೆಂದು ಎಣಿಸುವುದು ವಾಡಿಕೆಯಾದರೂ, ಇವೆರಡಕ್ಕೂ ಮೂಲ ಒಂದೇ. ಭೂಮಿಯ ಗಟ್ಟಿ ಹೊರಕವಚವು ಭೂಫಲಕಗಳೆಂಬ ದೊಡ್ಡ ತುಂಡುಗಳಾಗಿ ಒಡೆದಿದ್ದು, ಅವುಗಳಲ್ಲೊಂದಾದ ಭಾರತ ಫಲಕವು ವರ್ಷಕ್ಕೆ ಕೆಲವೇ ಸೆಂಟಿಮೀಟರುಗಳ ವೇಗದಲ್ಲಿ ಸರಿದು ಈ ದ್ವೀಪಗಳನ್ನು ಹೊತ್ತ ಫಲಕದ ಅಡಿಗೆ ಇಳಿಯುತ್ತಿದೆ. ಅಧೋಗಮನವೆಂದು ಕರೆಯುವ ಈ ಕ್ರಿಯೆಯಲ್ಲಿ, ಮೇಲಿನ ಭಾಗದಲ್ಲಿ ಎರಡು ಫಲಕಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತು, ಶತಮಾನಗಳ ಒತ್ತಡವನ್ನು ಕೂಡಿಟ್ಟು, ಒಮ್ಮೆಗೇ ಜಾರಿದಾಗ ಮಹಾಕಂಪನ ಉಂಟಾಗುತ್ತದೆ. ಇನ್ನೂ ಕೆಳಗೆ, ಸುಮಾರು 100 ಕಿಲೋಮೀಟರ್ ಆಳದಲ್ಲಿ, ಇಳಿದುಹೋದ ಶಿಲೆಯ ಖನಿಜಗಳೊಳಗಿನ ನೀರು ಹೊರಬಿದ್ದು ಮೇಲಿನ ಬಿಸಿ ಶಿಲೆಯ ಕರಗುವ ಉಷ್ಣಾಂಶವನ್ನು ತಗ್ಗಿಸುವುದರಿಂದ ಶಿಲಾಪಾಕ ಹುಟ್ಟಿ, ಮೇಲೇರಿ, ಜ್ವಾಲಾಮುಖಿಯಾಗಿ ಹೊರಬರುತ್ತದೆ.

೨

2004ರ ಡಿಸೆಂಬರ್ 26ರಂದು ಭಾರತೀಯ ಕಾಲಮಾನ ಬೆಳಿಗ್ಗೆ 6.29ರ ಹೊತ್ತಿಗೆ ಸುಮಾತ್ರಾದ ವಾಯವ್ಯ ಕರಾವಳಿಯ ಬಳಿ ಆರಂಭವಾದ ಬಿರುಕು ಉತ್ತರಕ್ಕೆ ಹರಿದು, ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಸೀಳಿ, 9.1 ಪ್ರಮಾಣದ ಭೂಕಂಪವಾಯಿತು. ಸಮುದ್ರತಳ ಮೇಲೆದ್ದುದರಿಂದ ಹುಟ್ಟಿದ ಸುನಾಮಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದೇ ಕಂಪನದಲ್ಲಿ ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ಸುಮಾರು 4 ಮೀಟರಿನಷ್ಟು ಕುಸಿದು ದೀಪಸ್ತಂಭದ ಬುಡ ಸಮುದ್ರದೊಳಗಾದರೆ, ಉತ್ತರ ಅಂಡಮಾನಿನ ಪಶ್ಚಿಮ ತೀರದ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿದವು.

ಈ ಹವಳಗಳು ನೆಲದ ದಿನಚರಿಯೇ ಆಗಿವೆ. ದುಂಡಗೆ ಬೆಳೆಯುವ ಕೆಲವು ಹವಳಗಳು ಇಳಿತದ ನೀರಿನ ಮಟ್ಟದವರೆಗೆ ಮಾತ್ರ ಮೇಲಕ್ಕೆ ಬೆಳೆದು, ಅಲ್ಲಿಂದಾಚೆ ಅಡ್ಡಲಾಗಿ ಹರಡುತ್ತವೆ. ನೆಲ ಏರಿದರೆ ಅವುಗಳ ನೆತ್ತಿ ಸಾಯುತ್ತದೆ. ಇಳಿದರೆ ಅಂಚು ಮತ್ತೆ ಮೇಲಕ್ಕೆ ಬೆಳೆಯುತ್ತದೆ. ಹೀಗಾಗಿ ಹವಳವನ್ನು ಸೀಳಿ ಅದರ ವಾರ್ಷಿಕ ಪದರಗಳನ್ನು ಎಣಿಸಿದ ಸಂಶೋಧಕರಿಗೆ, ಬರವಣಿಗೆಯ ದಾಖಲೆ ಇಲ್ಲದ ಕಾಲದ ಭೂಕಂಪಗಳೂ ದೊರೆತಿವೆ.

೩

ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್ ದೂರದ ಬ್ಯಾರನ್ ದ್ವೀಪವು ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ಸುಮಾರು 3 ಕಿಲೋಮೀಟರ್ ಅಗಲದ ಈ ದ್ವೀಪವು ಸಮುದ್ರತಳದಿಂದ ಎದ್ದುನಿಂತ ಬೃಹತ್ ಪರ್ವತವೊಂದರ ತುದಿ ಮಾತ್ರ. 1787ರಲ್ಲಿ ಮೊದಲು ದಾಖಲಾದ ಇದರ ಸ್ಫೋಟಗಳು 1832ರವರೆಗೆ ಆಗಾಗ ಕಂಡು, ಬಳಿಕ ಒಂದೂವರೆ ಶತಮಾನಕ್ಕೂ ಮಿಕ್ಕಿದ ಮೌನದ ನಂತರ 1991ರಲ್ಲಿ ಮರುಕಳಿಸಿದವು. ಮೌನವನ್ನು ಮರಣವೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಡ.

ಇದೇ ವಲಯದ ಸುಮಾತ್ರಾದಲ್ಲಿ, ಸುಮಾರು 74,000 ವರ್ಷಗಳ ಹಿಂದೆ ಸ್ಫೋಟಿಸಿದ ತೋಬಾ ಜ್ವಾಲಾಮುಖಿಯ ಬೂದಿ ಭಾರತ ಉಪಖಂಡದ ಉದ್ದಗಲಕ್ಕೆ ಬಿದ್ದಿತು. ಆಂಧ್ರಪ್ರದೇಶದ ಜ್ವಾಲಾಪುರಂನಲ್ಲಿ ಆ ಬೂದಿಯ ಪದರದ ಕೆಳಗೂ ಮೇಲೂ ಶಿಲಾಯುಗದ ಉಪಕರಣಗಳು ದೊರೆತುದನ್ನು ಮೈಕಲ್ ಪೆಟ್ರಾಗ್ಲಿಯಾ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತಿತರರು 2007ರಲ್ಲಿ ಪ್ರಕಟಿಸಿ, ಅಂಥ ಮಹಾಸ್ಫೋಟದ ನಂತರವೂ ಅಲ್ಲಿ ಮಾನವ ಬದುಕು ಮುಂದುವರಿದಿತ್ತೆಂದು ವಾದಿಸಿದರು.

೪

ಥಾಯ್ಲೆಂಡಿನ ಫ್ರಾ ಥೋಂಗ್ ದ್ವೀಪದ ಜೌಗುಮಣ್ಣಿನಲ್ಲಿ ಸಿಕ್ಕಿದ ಹಳೆಯ ಮರಳಿನ ಪದರಗಳು, 2004ರಂಥ ಸುನಾಮಿಯೊಂದು 550ರಿಂದ 700 ವರ್ಷಗಳ ಹಿಂದೆ ಬಂದಿತ್ತೆಂದು ತಿಳಿಸುತ್ತವೆ. ಇಷ್ಟು ದೀರ್ಘ ಅಂತರವನ್ನು ಯಾವ ಮನೆತನದ ನೆನಪೂ ದಾಟಲಾರದು. ಆದರೆ ಸುಮಾತ್ರಾದ ಬಳಿಯ ಸಿಮೆಉಲುಯೆ ದ್ವೀಪದಲ್ಲಿ 1907ರ ಸುನಾಮಿಯ ಕಥೆಯನ್ನು ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದರಿಂದ, 2004ರಲ್ಲಿ ನೆಲ ನಡುಗಿದೊಡನೆ ಜನ ಗುಡ್ಡ ಹತ್ತಿದರು. ಸುಮಾರು 78,000 ನಿವಾಸಿಗಳಲ್ಲಿ ಸತ್ತವರು ಏಳು ಮಂದಿ ಮಾತ್ರ.

2007ರಿಂದ ಹೈದರಾಬಾದಿನಲ್ಲಿ ಕೆಲಸಮಾಡುತ್ತಿರುವ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು, ಅಲೆ ತಲುಪಲು ಎರಡು ಗಂಟೆಯಷ್ಟು ಹಿಡಿಯುವ ಚೆನ್ನೈನಂಥ ತೀರಗಳಿಗೆ ಅಮೂಲ್ಯವಾದ ರಕ್ಷಣೆ. ಆದರೆ ಕೆಲವೇ ನಿಮಿಷಗಳಲ್ಲಿ ನೀರು ಏರಿಬರುವ ನಿಕೋಬಾರಿನಂಥ ಕಡೆ ನೆಲದ ನಡುಕವೇ ಮೊದಲ ಎಚ್ಚರಿಕೆಯಾಗಿದ್ದು, ಅದನ್ನು ಅರ್ಥಮಾಡಿಕೊಳ್ಳುವ ತಿಳಿವಳಿಕೆ ಜನರಲ್ಲೇ ಇರಬೇಕಾಗುತ್ತದೆ. ಆದುದರಿಂದ ಹವಳ, ಮರಳು ಮತ್ತು ಬೂದಿಗಳಿಂದ ವಿಜ್ಞಾನ ಓದಿ ತೆಗೆದುದನ್ನು ಸಂಶೋಧನಾ ಪತ್ರಿಕೆಗಳಲ್ಲಿ ಉಳಿಸಿದರೆ ಸಾಲದು; ದೀರ್ಘ ಕಂಪನದ ನಂತರ ಸೈರನ್ನಿಗೆ ಕಾಯದೆ ಎತ್ತರಕ್ಕೆ ಹೋಗಬೇಕೆಂಬ ಪಾಠವಾಗಿ ಅದು ದ್ವೀಪಗಳ ಪ್ರತಿ ಶಾಲೆಯಲ್ಲಿ, ಅಲ್ಲಿನ ಮಕ್ಕಳ ಮನೆಮಾತಿನಲ್ಲಿ, ತಲೆಮಾರಿನಿಂದ ತಲೆಮಾರಿಗೆ ಕಲಿಸಲ್ಪಡಬೇಕು.