ಹುತ್ತದ ಅಣಬೆಯೂ ಹಸಿರು ಧೂಳಿನ ಅಣಬೆಯೂ

(ಶಾಲೆಯ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣ)



ಕಳೆದ ಮಳೆಗಾಲದಲ್ಲಿ ನಮ್ಮ ಬಾಲಕನೊಬ್ಬನು ರಾಯಕೋಟೆಯ ಬೆಟ್ಟದ ತಪ್ಪಲಿನಿಂದ ಎರಡು ಅಣಬೆಗಳನ್ನು ತಂದು ನಮ್ಮ ಮುಂದಿಟ್ಟನು. ಎರಡೂ ಬೆಳ್ಳಗಿದ್ದುವು, ಎರಡೂ ಅಂಗೈಯಗಲವಿದ್ದುವು. "ಎರಡೂ ಒಂದೇ ಜಾತಿಯಲ್ಲವೇ ಸಾರ್? ಸಂಜೆಗೆ ಅಮ್ಮ ಸಾರು ಮಾಡುತ್ತಾಳೆ" ಎಂದನು. ಆ ಪ್ರಶ್ನೆಯೇ ಇಂದಿನ ನಮ್ಮ ವಿಷಯ.

ಮೊದಲನೆಯದು ಹುತ್ತದ ಅಣಬೆ. ಈ ಕುಲಕ್ಕೆ 1942ರಲ್ಲಿ ಫ್ರಾನ್ಸಿನ ವಿಜ್ಞಾನಿ ರೋಜರ್ ಹೈಮ್ ಅವರು ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ಗೆದ್ದಲುಗಳು ಒಣಗಿದ ಎಲೆ, ಕಟ್ಟಿಗೆಗಳನ್ನು ತಿಂದು, ಗೂಡಿನೊಳಗೆ ತೋಟ ಕಟ್ಟಿ, ಈ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಮಳೆ ಬಿದ್ದಾಗ ಅದೇ ಕೊಡೆಯಾಗಿ ನೆಲದ ಮೇಲೇಳುತ್ತದೆ. ದೊಡ್ಡ ಜಾತಿಗಳಲ್ಲಿ ಕಾಂಡವು ಬೇರಿನಂತೆ ಗೆದ್ದಲಿನ ತೋಟದವರೆಗೂ ಇಳಿದಿರುತ್ತದೆ. ಇದರ ಬೀಜಕಣಗಳ ಧೂಳು ನಸುಗೆಂಪು. ಇದನ್ನು ಜನರು ತಲೆತಲಾಂತರದಿಂದ ಉಣ್ಣುತ್ತ ಬಂದಿದ್ದಾರೆ.

ಎರಡನೆಯದು ಕ್ಲೋರೊಫಿಲಮ್ ಮೊಲಿಬ್ಡೈಟಿಸ್. ಇದು ಹುಲ್ಲುಗಾವಲಿನಲ್ಲಿಯೂ ಕಾಡಂಚಿನಲ್ಲಿಯೂ ಏಳುತ್ತದೆ. ಕೊಡೆಯ ಮೇಲೆ ಕಂದು ಹುರುಪೆಗಳು, ಕಾಂಡಕ್ಕೆ ಬಳೆ, ನೆಲದಾಳಕ್ಕಿಳಿಯುವ ಬೇರಿಲ್ಲ. ಕೊಡೆಯಡಿಯ ಪದರಗಳು ಎಳತಿನಲ್ಲಿ ಬಿಳಿ, ಬಲಿತಂತೆ ಹಸಿರು. ತಿಂದವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಗಳೊಳಗೆ ಉಗ್ರವಾದ ವಾಂತಿಭೇದಿ ಆರಂಭವಾಗುತ್ತದೆ.

ಆ ರಾತ್ರಿ ಎರಡು ಕೊಡೆಗಳನ್ನೂ ಬಿಳಿಯ ಕಾಗದದ ಮೇಲಿರಿಸಿ ಬಟ್ಟಲು ಕವಿಚಿದೆವು. ಬೆಳಗ್ಗೆ ಒಂದರ ಕೆಳಗೆ ನಸುಗೆಂಪು, ಇನ್ನೊಂದರ ಕೆಳಗೆ ಹಸಿರು! ಬಾಲಕನ ಮುಖ ಕಳೆಗುಂದಿತು.

ಹಾಗೆಂದು ಈ ಪರೀಕ್ಷೆಯೊಂದನ್ನೇ ನಂಬಿ ಯಾರೂ ಒಲೆ ಹೊತ್ತಿಸಬಾರದು. ಮಳೆಗೆ ಹುರುಪೆಗಳು ತೊಳೆದುಹೋಗುತ್ತವೆ. ಕೀಳುವಾಗ ಬೇರು ಮುರಿಯುತ್ತದೆ. ಹುತ್ತದ ಅಣಬೆಗಳಲ್ಲಿಯೂ ಕೆಲವಕ್ಕೆ ಬಳೆಯುಂಟು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ ವಿಷವಿಲ್ಲವೆಂಬ ಮಾತುಗಳು ಶುದ್ಧ ಮೂಢನಂಬಿಕೆ. ಯಕೃತ್ತನ್ನೇ ನಾಶಮಾಡುವ ಬೇರೆ ಅಣಬೆಗಳಿವೆ. ಅವುಗಳ ವಿಷವು ಆರು ಗಂಟೆಗಳಾದರೂ ಸುಮ್ಮನಿದ್ದು, ಆಮೇಲೆ ತಲೆಯೆತ್ತುತ್ತದೆ.

ಆದುದರಿಂದ, ಮಕ್ಕಳೇ, ಅಣಬೆಯನ್ನು ನೋಡಿರಿ, ಚಿತ್ರ ಬರೆಯಿರಿ. ಬಲ್ಲ ಹಿರಿಯರು ಗುರುತಿಸದೆ ಮನೆಗೆ ಒಯ್ಯಬೇಡಿರಿ. ಯಾರಾದರೂ ತಿಂದು ಅಸ್ವಸ್ಥರಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ, ಉಳಿದ ಅಣಬೆಯೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಬಾಲಕನು ಕೇಳಿದನು. ಆದ್ದರಿಂದ ಅವನ ಮನೆಯಲ್ಲಿ ಆ ಸಾರು ಆಗಲಿಲ್ಲ. ಕೇಳುವುದಕ್ಕೆ ನಾಚದಿರುವುದೇ ವಿದ್ಯೆಯ ಮೊದಲ ಮೆಟ್ಟಿಲೆಂದು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.